ಗಾಲಿತ ಜಲ: ಜೀವದಯೆಯೂ ಆರೋಗ್ಯವೂ

ಶ್ರಾವಕನು ನೀರನ್ನು ಸೋಸಿಯೇ ಬಳಸತಕ್ಕದ್ದೆಂಬುದು ನಮ್ಮ ಮನೆಗಳಲ್ಲಿ ಬಾಲ್ಯದಿಂದಲೇ ಕಲಿಸುವ ಆಚಾರ. ಜಲದಲ್ಲಿರುವ ತ್ರಸಜೀವಿಗಳ ರಕ್ಷಣೆಯೇ ಅದರ ಉದ್ದೇಶ. ಸೋಸುವ ಬಟ್ಟೆಯು ಕುಡಿಯುವವನ ಪ್ರಾಣವನ್ನೂ ಕಾಯಬಲ್ಲದೆಂಬುದಕ್ಕೆ ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ನಡೆದ ಪ್ರಯೋಗವೊಂದು ನಿದರ್ಶನವಾಗಿದೆ.

ಅಲ್ಲಿಯ ಬಡಜನರಲ್ಲಿ ಅನೇಕರಿಗೆ ಕೊಳ, ನದಿಗಳ ನೀರೇ ಗತಿಯಾಗಿತ್ತು. ಕುದಿಸೋಣವೆಂದರೆ ಸೌದೆ ದುರ್ಲಭ. ಕಾಲರಾ ರೋಗಾಣುಗಳು ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳಿಗೆ ಅಂಟಿಕೊಂಡಿರುತ್ತವೆ. ಇದನ್ನು ಅರಿತಿದ್ದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು 65 ಗ್ರಾಮಗಳಲ್ಲಿ ಮೂರು ವರ್ಷ ಪರೀಕ್ಷೆ ನಡೆಸಿದರು. ಹಳೆಯ ಹತ್ತಿಯ ಸೀರೆಯನ್ನು ಕನಿಷ್ಠ ನಾಲ್ಕು ಪದರವಾಗಿ ಮಡಿಸಿ, ಕೊಡದ ಬಾಯಿಗೆ ಹಿಡಿದು ಸೋಸುವುದನ್ನು ಗೃಹಿಣಿಯರಿಗೆ ಕಲಿಸಲಾಯಿತು. ಒಗೆದೊಗೆದು ನೂಲು ಮೆದುವಾಗಿ ರಂಧ್ರಗಳು ಕಿರಿದಾಗುವುದರಿಂದ ಹೊಸದಕ್ಕಿಂತ ಹಳೆಯ ಬಟ್ಟೆಯೇ ಮೇಲು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೀರೆಯಿಂದ ಸೋಸಿದ ಗ್ರಾಮಗಳಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಯಿತು.

ಆದರೆ ಬಟ್ಟೆಯೊಂದೇ ಸಾಲದು. ಬಿಡಿಯಾಗಿ ತೇಲುವ ರೋಗಾಣುವಾಗಲಿ, ಆ ದೇಶದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಕರಗಿರುವ ಆರ್ಸೆನಿಕ್ ವಿಷವಾಗಲಿ ಅದಕ್ಕೆ ಸಿಕ್ಕದು. ಶುದ್ಧಜಲದ ಶಾಶ್ವತ ವ್ಯವಸ್ಥೆಯಾಗುವವರೆಗೆ ಇದು ಬಡವರ ಕೈಯಲ್ಲಿರುವ ರಕ್ಷೆ ಮಾತ್ರ.

ಉಪವಾಸದ ಮರುದಿನ, ಪಾರಣೆಯ ಮೊದಲ ಗುಟುಕು ನೀರಿನ ಬೆಲೆಯನ್ನು ಬಲ್ಲವರು ನಾವು. ಕಾಣದ ಜಲಜೀವಿಗೆ ತೋರುವ ದಯೆಯು ಕಣ್ಣೆದುರು ಬಾಯಾರಿದ ಮನುಷ್ಯನನ್ನು ಮರೆಯಬಾರದು. ವ್ರತ ಪೂರೈಸಿದಾಗ ಮಾಡುವ ದಾನದಲ್ಲಿ ಒಂದು ಪಾಲು, ಶುದ್ಧಜಲವಿಲ್ಲದ ಕೇರಿಗೆ ಸಲ್ಲಲಿ.