ಆಷಾಢದಲ್ಲಿ ತೋಟ ಮಾರಲಾಗದು

ವಯಸ್ಸಾದ ಮೇಲಿನ ಖರ್ಚಿಗೆ ಏನು ಮಾಡಿಟ್ಟಿದ್ದೀರಿ ಎಂದು ನಮ್ಮ ಮೂಡಿಗೆರೆ, ಕಳಸದ ಕಡೆಯ ಕಾಫಿ ಬೆಳೆಗಾರರನ್ನು ಕೇಳಿ ನೋಡಿ. ‘ತೋಟ ಇದೆಯಲ್ಲ ಮಾರಾಯ್ರೆ’ ಎನ್ನುತ್ತಾರೆ. ತೋಟವೇನೋ ಇದೆ, ದುಡ್ಡು ಬರುವುದು ಮಾತ್ರ ವರ್ಷಕ್ಕೊಮ್ಮೆ. ನವೆಂಬರಿನಲ್ಲಿ ಕೊಯ್ಲು ಶುರುವಾಗಿ, ಕಣದಲ್ಲಿ ಒಣಗಿಸಿ ಮಾರುವಷ್ಟರಲ್ಲಿ ಫೆಬ್ರವರಿ, ಮಾರ್ಚ್. ಗೊಬ್ಬರ, ಕೂಲಿ, ಬೆಳೆಸಾಲ ಕಳೆದರೆ ಜೂನ್ ಹೊತ್ತಿಗೆ ಕೈ ಖಾಲಿ. ಹಿರಿಯರು ಜಾರಿ ಬೀಳುವುದು, ದಮ್ಮು ಹೆಚ್ಚುವುದು ಅದೇ ಮಳೆಗಾಲದಲ್ಲಿ. ಆಗ ಎರಡು ಎಕರೆ ಮಾರಿ ಆಪರೇಷನ್ ಮಾಡಿಸೋಣವೆಂದರೆ ಕೊಳ್ಳುವವರಾದರೂ ಎಲ್ಲಿ? ಪಹಣಿ ಜಂಟಿಯಾಗಿದ್ದರೆ ಬೆಂಗಳೂರಿನ ತಮ್ಮ, ಅಮೆರಿಕದ ತಂಗಿ ಎಲ್ಲರ ಸಹಿ ಬೇಕು.

ನಮ್ಮಮ್ಮ ಪಾಚಿ ಕಟ್ಟಿದ ಅಂಗಳದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದೂ ಮಳೆಗಾಲದಲ್ಲೇ. ಕಳಸದವರಿಗೆ ದೊಡ್ಡಾಸ್ಪತ್ರೆ ಎಂದರೆ ಕುದುರೆಮುಖ, ಕಾರ್ಕಳ ದಾಟಿ ಮಣಿಪಾಲ. ಮೂಡಿಗೆರೆಯವರಿಗೆ ಹಾಸನ, ಇಲ್ಲವೇ ಚಾರ್ಮಾಡಿ ಇಳಿದು ಮಂಗಳೂರು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ಘಾಟಿಯೇ ಬಂದ್ ಆಗಿತ್ತು.

ಅಮ್ಮನ ಆಪರೇಷನ್ನಿನ ಬಿಲ್ಲಿನ ಬಹುಪಾಲನ್ನು ವಿಮೆ ಕಟ್ಟಿತು. ನಮ್ಮನ್ನು ಹಿಂಡಿದ್ದು ಆಮೇಲಿನ ತಿಂಗಳುಗಳು. ಮುಖ್ಯರಸ್ತೆಯಿಂದ ಒಳಗಿರುವ ತೋಟದ ಮನೆಗೆ ಹೋಮ್ ನರ್ಸ್ ಬರಲೊಪ್ಪುವುದಿಲ್ಲ. ಒಪ್ಪಿ ಬಂದ ಹುಡುಗಿ ಜಿಗಣೆಗೂ ಕರೆಂಟಿಲ್ಲದ ರಾತ್ರಿಗಳಿಗೂ ಹೆದರಿ ವಾರದೊಳಗೆ ಹೊರಟಳು. ಕೊನೆಗೆ ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಹಿಡಿದೆವು. ಬಾಡಿಗೆ, ನರ್ಸಿನ ಸಂಬಳ, ಫಿಸಿಯೋಥೆರಪಿ, ಓಡಾಟದ ಪೆಟ್ರೋಲು, ಒಂದನ್ನೂ ನಮ್ಮ ಪಾಲಿಸಿ ಕೊಡಲಿಲ್ಲ. ಕೊಟ್ಟದ್ದು ಅಟ್ಟದ ಮೇಲಿನ ಕರಿಮೆಣಸು. ಒಳ್ಳೆ ಬೆಲೆ ಬರಲೆಂದು ಅಪ್ಪ ಮೂಟೆ ಕಟ್ಟಿಟ್ಟಿದ್ದರು. (ಅಂಗಳದ ಪಾಚಿ ಕೆರೆಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿದ ಖರ್ಚು ಈ ಲೆಕ್ಕದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಈ ಬೇಸಿಗೆಯಲ್ಲೇ ಮಾಡಿಸಿ.)

ಮೆಣಸಿನ ಬೆಲೆ ಏರಿದಂತೆ ಇಳಿಯುವುದೂ ಉಂಟು. ಹಾಗಾಗಿ ಕಾಫಿಗೆ ಬೆಲೆ ಬಂದ ವರ್ಷ ಹೊಸ ಜೀಪಿಗೆ ಮುಂಗಡ ಕೊಡುವ ಮೊದಲು ಅಂಚೆ ಕಚೇರಿಗೆ ಹೋಗಿ. ಅರವತ್ತು ದಾಟಿದವರು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 8.2ಕ್ಕೇರಿತು, ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಆ ದರದಲ್ಲಿ 15 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ, ಜುಲೈಯಲ್ಲೂ ತಪ್ಪದೆ. ಬಡ್ಡಿಗೆ ತೆರಿಗೆಯುಂಟು.

ವಿಮೆ ಬೇಡವೆನ್ನುತ್ತಿಲ್ಲ. 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿಗೆ 65ರ ಮಿತಿ ಇಲ್ಲ. ಆದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿಯೂ ಹೋಗಿದೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಬಿಡಬೇಡಿ. 2022ರಲ್ಲಿ ಮತ್ತೆ ಶುರುವಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಟ್ಟಿಸಿಕೊಂಡು 5 ಲಕ್ಷದವರೆಗಿನ ಚಿಕಿತ್ಸೆ ಕೊಟ್ಟ ಯೋಜನೆ ಅದು.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ದಾನಪತ್ರ. ಎಪ್ಪತ್ತಾಯಿತು, ಜವಾಬ್ದಾರಿ ಮುಗಿಯಲಿ ಎಂದು ತೋಟವನ್ನೆಲ್ಲ ಮಕ್ಕಳ ಹೆಸರಿಗೆ ಬರೆದು, ಔಷಧಿ ಚೀಟಿ ಹಿಡಿದು ಮಗನ ಮುಖ ನೋಡುವವರು ನಮ್ಮೂರಲ್ಲೇ ಇದ್ದಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ತಪ್ಪಿ ನಡೆದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ಪತ್ರವನ್ನು ರದ್ದುಪಡಿಸಬಹುದು. ಷರತ್ತೇ ಇಲ್ಲದಿದ್ದರೆ ಈ ಸೆಕ್ಷನ್ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಅದೇ ಕೋರ್ಟು ಹೇಳಿದೆ, ನಿಜ. ಆದರೂ ಕೋರ್ಟಿನ ಔದಾರ್ಯ ನಂಬಿ ಸಹಿ ಹಾಕಬೇಡಿ. ಊಟ, ಔಷಧಿ, ಇರುವ ಮನೆ, ಆರೈಕೆಯ ಖರ್ಚು ಎಲ್ಲವನ್ನೂ ಪತ್ರದಲ್ಲೇ ಬರೆಸಿ. ಮಕ್ಕಳೆದುರು ಅದನ್ನೆಲ್ಲ ಬರೆಸಲು ಸಂಕೋಚವಾದರೆ ದಾನಪತ್ರವೇ ಬೇಡ, ನಿಮ್ಮ ಪಾಲಿಗೆ ಉಯಿಲು ಮಾಡಿಡಿ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.