ಕಲ್ಲಿನೊಳಗಿನ ಕಡಲು

ಚಳ್ಳಕೆರೆಯನ್ನು ದಾಟಿ ಮೊಳಕಾಲ್ಮೂರಿನ ಕಡೆಗೆ ಪಯಣಿಸುವವರಿಗೆ ಶೇಂಗಾ ಹೊಲಗಳ ಆಚೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಿರುವ ಬೋಳು ಬೆಟ್ಟಗಳು ಎದುರಾಗುತ್ತವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಹೊತ್ತು ನಿಂತಿರುವ ನಾಡು ಇದು. ಆ ಶಾಸನಗಳಿಗೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾದುವೆಂದು ನಾವು ಬೆರಗುಗೊಳ್ಳುತ್ತೇವೆ. ಆದರೆ ಈ ಸೀಮೆಯ ಕಣಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ!

ನಾನು ಈ ಸೀಮೆಯಲ್ಲಿ ಉಪಾಧ್ಯಾಯನಾಗಿದ್ದಾಗ ಒಬ್ಬ ಹುಡುಗ ಒಂದು ಕಲ್ಲಿನ ಚಕ್ಕೆಯನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಅದರ ಮೇಲೆ ಜರೀಗಿಡದ ಎಲೆಯಂತಹ ಕಪ್ಪು ಚಿತ್ತಾರವಿತ್ತು. “ಸಾರ್, ಇದು ಕಲ್ಲಾದ ಗಿಡವಲ್ಲವೆ?” ಎಂದು ಕೇಳಿದನು. ಕನ್ನಡದ ಮೇಷ್ಟ್ರಾದ ನಾನು ಹಿಂದುಮುಂದು ನೋಡದೆ ಹೌದೆಂದೆ. ವಿಜ್ಞಾನದ ಉಪಾಧ್ಯಾಯರು ಮಾತ್ರ ನಕ್ಕು, “ಇದು ಗಿಡವಲ್ಲ, ಕಲ್ಲಿನ ಬಿರುಕಿನಲ್ಲಿ ನೀರು ಇಳಿದಾಗ ಮ್ಯಾಂಗನೀಸ್ ಖನಿಜ ಹೀಗೆ ಕವಲೊಡೆದು ನಿಲ್ಲುತ್ತದೆ. ಕಣಶಿಲೆಯಲ್ಲಿ ಪಳೆಯುಳಿಕೆ ಎಲ್ಲಿಂದ ಬರಬೇಕು?” ಎಂದರು. ಕಣಶಿಲೆ ಭೂಗರ್ಭದಲ್ಲಿ ಕರಗಿದ್ದ ದ್ರವ್ಯ ತಣಿದು ಆದ ಕಲ್ಲು. ಅದು ಗಟ್ಟಿಯಾದ ಕಾಲದಲ್ಲಿ ಚಿಪ್ಪು, ಮೂಳೆ, ಎಲೆಗಳುಳ್ಳ ಯಾವ ಜೀವಿಯೂ ಭೂಮಿಯ ಮೇಲೆ ಇರಲಿಲ್ಲ. ಚಿತ್ರದುರ್ಗದ ಸುತ್ತಣ ಪುರಾತನ ಸುಣ್ಣಕಲ್ಲಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳುಂಟು. ಅದಕ್ಕಿಂತ ಮುಂದಿನ ಜೀವಚರಿತ್ರೆಯನ್ನು ಹಳೆಯ ಮೈಸೂರು ಸೀಮೆಯ ಕಲ್ಲು ಹೇಳಲಾರದು.

ಇಂತಹ ನಾಡಿನ ಅಧ್ಯಾಪಕರೊಬ್ಬರು ಪಳೆಯುಳಿಕೆಗಳ ಅಧ್ಯಯನಕ್ಕೆ ತಮ್ಮ ಜೀವಮಾನವನ್ನು ಕೊಟ್ಟರೆಂಬುದು ಸೋಜಿಗದ ಸಂಗತಿ. ಅವರೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರು (1896–1974). ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಬಿ. ರಾಮರಾಯರೆಂಬ ಇನ್ನೊಬ್ಬ ವಿದ್ವಾಂಸರಿದ್ದರು. ಹೆಸರಿನ ಸಾಮ್ಯದಿಂದ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವವರು ಇಂದಿಗೂ ಇದ್ದಾರೆ.

ತಮ್ಮ ನಾಡಿನ ಕಲ್ಲು ಹೇಳದ ಕಥೆಯನ್ನು ರಾಮರಾಯರು ತಮಿಳು ನಾಡಿನ ಕಲ್ಲಿನಲ್ಲಿ ಅರಸಿದರು. ತಿರುಚಿನಾಪಳ್ಳಿಯ ಈಶಾನ್ಯಕ್ಕೆ ಅರಿಯಲೂರು ಎಂಬ ಊರಿದೆ. ಇಂದು ಅದು ಸಿಮೆಂಟಿಗೆ ಹೆಸರಾದ ಪ್ರದೇಶ; ಆ ಸಿಮೆಂಟಿಗೆ ಬೇಕಾದ ಸುಣ್ಣಕಲ್ಲು ಅಲ್ಲಿ ದೊರೆಯುವುದು ಒಂದಾನೊಂದು ಕಾಲದ ಸಮುದ್ರದ ದೆಸೆಯಿಂದ. ಕ್ರಿಟೇಷಿಯಸ್ ಎಂಬ ಯುಗದಲ್ಲಿ, ಎಂದರೆ ಇಂದಿಗೆ ಹದಿನಾಲ್ಕೂವರೆ ಕೋಟಿ ವರ್ಷಗಳಿಂದ 6.6 ಕೋಟಿ ವರ್ಷಗಳವರೆಗಿನ ಅವಧಿಯಲ್ಲಿ, ಬಂಗಾಳ ಕೊಲ್ಲಿಯ ಕಡೆಯ ಕಡಲು ಪದೇ ಪದೇ ಒಳನಾಡಿಗೆ ನುಗ್ಗಿ ಕೆಸರನ್ನೂ ಚಿಪ್ಪನ್ನೂ ಪದರ ಪದರವಾಗಿ ಬಿಟ್ಟುಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಲ್ಯಾನ್‌ಫರ್ಡ್ ಈ ಪದರಗಳ ನಕ್ಷೆ ಬರೆದನು; ಸ್ಟೋಲಿಚ್ಕಾ ಅವುಗಳೊಳಗಿನ ಪ್ರಾಣಿಗಳನ್ನು ವರ್ಣಿಸಿದನು. ಅವುಗಳಲ್ಲಿ ಮುಖ್ಯವಾದುದು ಅಮೊನೈಟ್. ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಚಿಪ್ಪಿನ ಈ ಪ್ರಾಣಿ ಕೋಟ್ಯಂತರ ವರ್ಷ ಕಡಲನ್ನು ತುಂಬಿಕೊಂಡಿತ್ತು.

ಅರಿಯಲೂರಿನ ಪದರಗಳ ಮೇಲೆ ನಿನಿಯೂರು ಎಂಬ ಹಳ್ಳಿಯ ಹೆಸರಿನಿಂದ ಕರೆಯುವ ಇನ್ನೊಂದು ಪದರಸಮೂಹವಿದೆ. ಅದೂ ಕಡಲಿನದೇ. ಆದರೆ ಅದರಲ್ಲಿ ಒಂದು ಅಮೊನೈಟೂ ಇಲ್ಲ. ಕೆಳಗಿನ ಪುಟದಲ್ಲಿ ತುಂಬಿ ತುಳುಕುತ್ತಿದ್ದ ಹೆಸರು ಮೇಲಿನ ಪುಟದಲ್ಲಿ ಅಳಿಸಿಹೋಗಿದೆ. ಈ ಎರಡು ಪುಟಗಳ ನಡುವೆ, 6.6 ಕೋಟಿ ವರ್ಷಗಳ ಹಿಂದೆ, ಭೂಮಿಯ ಜೀವಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ನಾಶವಾದುವು. ನೆಲದ ಮೇಲೆ ಡೈನೋಸಾರುಗಳು, ಕಡಲಿನಲ್ಲಿ ಅಮೊನೈಟುಗಳು ಇಲ್ಲವಾದುವು. ಇದನ್ನೇ ವಿಜ್ಞಾನಿಗಳು ಸಾಮೂಹಿಕ ಅಳಿವು ಎನ್ನುತ್ತಾರೆ. ಅಲ್ಲಿಗೆ ಕ್ರಿಟೇಷಿಯಸ್ ಮುಗಿದು ಟರ್ಷಿಯರಿ ಎಂಬ ಹೊಸ ಯುಗ ಮೊದಲಾಯಿತು. ಈ ಗಡಿಯನ್ನು ಗುರುತಿಸುವ ಪ್ರಶ್ನೆ ರಾಮರಾಯರನ್ನು ಕಡೆಯವರೆಗೂ ಬಿಡಲಿಲ್ಲ.

ಅಳಿದುಹೋದ ದೊಡ್ಡ ಪ್ರಾಣಿಗಳನ್ನು ಹುಡುಕುವುದು ಸುಲಭ. ಉಳಿದು ಬಂದುದನ್ನು ಹುಡುಕುವುದು ಕಷ್ಟ. ನಿನಿಯೂರಿನ ಸುಣ್ಣಕಲ್ಲನ್ನು ಬರಿಗಣ್ಣಿನಿಂದ ನೋಡಿದರೆ ಬೂದುಬಣ್ಣದ ಸಾಮಾನ್ಯ ಕಲ್ಲು. ಅದರ ಒಂದು ತೆಳುವಾದ ಬಿಲ್ಲೆಯನ್ನು ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಸಾಣೆಯ ಪುಡಿಯಿಂದ ಉಜ್ಜುತ್ತಾ ಹೋಗಬೇಕು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಮೂರು ಪಾಲು ಉಳಿಯುವಷ್ಟು ತೆಳುವಾದಾಗ ಕಲ್ಲಿನೊಳಗೆ ಬೆಳಕು ಹಾಯುತ್ತದೆ. ಕೈ ತುಸು ಹೆಚ್ಚಾಗಿ ಒತ್ತಿದರೆ ಕಲ್ಲೇ ಉಜ್ಜಿಹೋಗಿ ಬರಿಯ ಗಾಜು ಉಳಿಯುತ್ತದೆ. ಸರಿಯಾಗಿ ಸಿದ್ಧವಾದ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಬೂದುಕಲ್ಲು ಕಡಲಪಾಚಿಗಳ ತೋಟವಾಗಿ ಕಾಣುತ್ತದೆ. ಮೈಮೇಲೆ ಸುಣ್ಣದ ಕವಚ ಕಟ್ಟಿಕೊಳ್ಳುವ ಈ ಪಾಚಿಗಳಲ್ಲಿ ಕೆಲವು ಜಾತಿಗಳ ಬಂಧುಗಳು ಇಂದಿಗೂ ಬೆಚ್ಚಗಿನ, ಬಿಸಿಲು ಮುಟ್ಟುವ ಆಳವಿಲ್ಲದ ಕಡಲಿನಲ್ಲಿ ಬದುಕಿವೆ. ಆದ್ದರಿಂದ ಕಲ್ಲಿನಲ್ಲಿ ಅವು ಕಂಡರೆ ಅಲ್ಲಿ ಎಂತಹ ಕಡಲಿತ್ತೆಂಬುದೂ ತಿಳಿಯುತ್ತದೆ.

ವಿಯೆನ್ನಾ ನಗರದ ಜೂಲಿಯಸ್ ಪಿಯಾ ಆ ಕಾಲದಲ್ಲಿ ಇಂತಹ ಪಾಚಿಗಳ ವಿಷಯದಲ್ಲಿ ದೊಡ್ಡ ಹೆಸರು. ರಾಮರಾಯರೂ ಪಿಯಾನೂ ಜೊತೆಗೂಡಿ ನಿನಿಯೂರಿನ ಪಾಚಿಗಳನ್ನು ಕುರಿತು ಬರೆದ ಗ್ರಂಥವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1936ರಲ್ಲಿ ಪ್ರಕಟಿಸಿತು. ಅದರಲ್ಲಿ ಹೊಸದಾಗಿ ಹೆಸರು ಪಡೆದ ಪಾಚಿಗಳನ್ನು ಕೇಳಿರಿ: ಡಿಸ್ಸೊಕ್ಲಾಡೆಲ್ಲ ಸಾವಿತ್ರಿಯೇ, ಇಂಡೊಪೋಲಿಯ ಸತ್ಯವಂತಿ, ಪ್ಯಾರಕೀಟಿಟಿಸ್ ಅಶ್ವಪತಿಯೈ. ಮಹಾಭಾರತದ ಸಾವಿತ್ರಿ, ಅವಳ ಪತಿ ಸತ್ಯವಂತ, ತಂದೆ ಅಶ್ವಪತಿ ಹೀಗೆ ಲ್ಯಾಟಿನ್ ಉಡುಪು ತೊಟ್ಟು ಜಗತ್ತಿನ ವಿಜ್ಞಾನ ಗ್ರಂಥಗಳನ್ನು ಸೇರಿದರು. ಯಮನ ಕೈಯಿಂದ ಪತಿಯನ್ನು ಬಿಡಿಸಿ ತಂದವಳ ಹೆಸರು ಮಹಾನಾಶದ ಮೇಲಣ ಪದರದ ಪಾಚಿಗೆ ಒಪ್ಪುವಷ್ಟು ಇನ್ನಾವ ಹೆಸರು ಒಪ್ಪೀತು?

ಆ ಗ್ರಂಥದ ಶೀರ್ಷಿಕೆ ನಿನಿಯೂರಿನ ಪದರಗಳನ್ನು ಕ್ರಿಟೇಷಿಯಸ್ ಯುಗದ ತುತ್ತತುದಿಯವು ಎಂದು ಕರೆದಿದೆ. ಇಂದಿನ ವಿಜ್ಞಾನ ಅವುಗಳನ್ನು ಗಡಿಯ ಈಚೆಗೆ, ಅಳಿವಿನ ಅನಂತರದ ಡೇನಿಯನ್ ಎಂಬ ಕಾಲಕ್ಕೆ ಸೇರಿಸುತ್ತದೆ. ಇದು ಕೇವಲ ತಪ್ಪೆಂದು ತಿಳಿಯಬಾರದು. ಆಗ ಡೇನಿಯನ್ ಕಾಲವನ್ನೇ ಯೂರೋಪಿನ ಅನೇಕರು ಕ್ರಿಟೇಷಿಯಸ್ಸಿನ ಕೊನೆಯ ಭಾಗವೆಂದು ಎಣಿಸುತ್ತಿದ್ದರು. ಊರಿನ ಗಡಿಕಲ್ಲು ಎಲ್ಲಿದೆಯೆಂಬ ವ್ಯಾಜ್ಯ ಇತ್ಯರ್ಥವಾಗುವ ಮೊದಲು ಹೊಲ ಯಾರದೆಂದು ಹೇಳುವುದು ಹೇಗೆ?

ಈ ವ್ಯಾಜ್ಯದಲ್ಲಿ ಕರ್ನಾಟಕಕ್ಕೂ ಪಾಲುಂಟು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಕಾಣುವ ಕರಿಕಲ್ಲು ದಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾರಸ. ಅದು ಯಾವಾಗ ಹರಿಯಿತು? ಕ್ರಿಟೇಷಿಯಸ್ಸಿನಲ್ಲಿಯೋ, ಟರ್ಷಿಯರಿಯಲ್ಲಿಯೋ? 1934ರಲ್ಲಿ ಲಕ್ನೋದ ಬೀರಬಲ ಸಾಹನಿಯವರು ಸಸ್ಯಗಳ ಪಳೆಯುಳಿಕೆಗಳನ್ನು ಮುಂದಿಟ್ಟು ಟರ್ಷಿಯರಿಯ ಪರವಾಗಿ ವಾದಿಸಿದರು. ಲಾವಾದ ವಯಸ್ಸನ್ನು ನೇರವಾಗಿ ಅಳೆಯುವ ಉಪಾಯ ಆಗ ಕೈಗೆ ಬಂದಿರಲಿಲ್ಲ. ಆದರೆ ಆಂಧ್ರದ ರಾಜಮಹೇಂದ್ರಿಯ ಬಳಿ ಎರಡು ಲಾವಾ ಹಾಸುಗಳ ನಡುವೆ ಕಡಲಿನ ಸುಣ್ಣಕಲ್ಲಿನ ತೆಳುಪದರವೊಂದು ಸಿಕ್ಕಿಕೊಂಡಿದೆ. ಒಂದು ಲಾವಾ ಹರಿದ ಮೇಲೆ, ಇನ್ನೊಂದು ಬರುವ ಮುನ್ನ, ಅಲ್ಲಿ ಕಡಲು ನಿಂತಿತ್ತು. ಬೆಂಗಳೂರಿನ ಎಸ್. ಆರ್. ನಾರಾಯಣರಾವ್ ಮತ್ತು ಕೆ. ಶ್ರೀಪಾದರಾವ್ ಅವರು 1930ರ ದಶಕದ ನಡುವಿನಲ್ಲಿ ಈ ಪದರದಲ್ಲಿ ಪಾಚಿಗಳನ್ನೂ, ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳ ಚಿಪ್ಪುಗಳನ್ನೂ ಕಂಡುಹಿಡಿದರು. ಅವು ಟರ್ಷಿಯರಿಯ ಕಡೆಗೇ ಬೆರಳು ತೋರಿದುವು. ಆನೆಯಂತಹ ಪ್ರಶ್ನೆಗೆ ಇರುವೆಗಿಂತ ಸಣ್ಣ ಸಾಕ್ಷಿಗಳು ಉತ್ತರ ಕೊಟ್ಟುವು.

ರಾಮರಾಯರು ಸಂಶೋಧನೆಯಷ್ಟನ್ನೇ ಮಾಡಿ ಸುಮ್ಮನಿರಲಿಲ್ಲ. 1958ರಲ್ಲಿ ಬೆಂಗಳೂರಿನಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯ ಹುಟ್ಟಿದಾಗ ಅವರು ಅದರ ಸ್ಥಾಪಕರಲ್ಲಿ ಒಬ್ಬರು. ಅದರ ಪತ್ರಿಕೆಯ ಮೊದಲ ಸಂಪಾದಕರು. ಅವರ ಜನ್ಮಶತಾಬ್ದಿಯ ವರ್ಷವಾದ 1996ರಲ್ಲಿ ಸೊಸೈಟಿ ಅವರ ಹೆಸರಿನಲ್ಲಿ ಹೊರತಂದ ಸಂಪುಟದ ವಿಷಯವೂ ಕ್ರಿಟೇಷಿಯಸ್ ಶಿಲೆಗಳೇ.

ಗಡಿಯ ಕಥೆ ಅವರ ಕಾಲಾನಂತರ ವಿಚಿತ್ರ ತಿರುವು ಪಡೆಯಿತು. 1980ರಲ್ಲಿ ಅಮೆರಿಕದ ಆಲ್ವಾರೆಜ್ ತಂದೆಮಕ್ಕಳೂ ಅವರ ಸಂಗಡಿಗರೂ ಆ ಗಡಿಯ ಜೇಡಿಯಲ್ಲಿ ಇರಿಡಿಯಮ್ ಎಂಬ ಲೋಹ ಅತಿಯಾಗಿರುವುದನ್ನು ತೋರಿಸಿ, ಆಕಾಶದಿಂದ ಬಿದ್ದ ಕ್ಷುದ್ರಗ್ರಹವೇ ಅಳಿವಿಗೆ ಕಾರಣವೆಂದರು. 1991ರಲ್ಲಿ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಹೂತುಹೋಗಿದ್ದ ಕುಳಿಯೂ ಗುರುತಿಗೆ ಬಂದಿತು. ಇನ್ನು ಕೆಲವರು ದಖನ್ನಿನ ಲಾವಾ ಉಗುಳಿದ ವಿಷಾನಿಲಗಳನ್ನು ಹೊಣೆಮಾಡಿದರು. ಲಾವಾದ ಬಹುಭಾಗ 6.6 ಕೋಟಿ ವರ್ಷಗಳ ಹಿಂದೆ, ಗಡಿಯ ಆಚೀಚೆ ಹತ್ತು ಲಕ್ಷ ವರ್ಷಗಳೊಳಗೆ ಹರಿಯಿತೆಂದು ಈಗ ತಿಳಿದಿದೆ. ಎರಡು ಕಾರಣಗಳಲ್ಲಿ ಯಾವುದರ ಪಾಲು ಎಷ್ಟೆಂಬ ವಾದ ಇನ್ನೂ ನಡೆದಿದೆ. ಹೆಚ್ಚಿನವರು ಕ್ಷುದ್ರಗ್ರಹದ ಕಡೆ ಇದ್ದಾರೆ.

ಲಾವಾದ ಪರವಾಗಿ ವಾದಿಸುವವರಲ್ಲಿ ಮುಖ್ಯಳಾದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಗೆರ್ಟಾ ಕೆಲ್ಲರ್ ಸಾಕ್ಷ್ಯವನ್ನರಸಿ ಬಂದದ್ದು ಎಲ್ಲಿಗೆ? ಅದೇ ರಾಜಮಹೇಂದ್ರಿಯ ಕಲ್ಲುಗಣಿಗಳಿಗೆ. ಎರಡು ಲಾವಾ ಹಾಸುಗಳ ನಡುವಣ ಆ ಪದರದಲ್ಲಿ ಆಕೆಯೂ ಭಾರತದ ಸಂಗಡಿಗರೂ ಫೊರಾಮಿನಿಫೆರಾಗಳನ್ನು ಜಾಲಿಸಿ ನೋಡಿ, ಅವು ಅಳಿವಿನ ಬೆನ್ನಿಗೇ ಕಾಣಿಸಿಕೊಂಡ ಡೇನಿಯನ್ ಕಾಲದ ಜಾತಿಗಳೆಂದು 2008ರಲ್ಲಿ ಪ್ರಕಟಿಸಿದರು. ಕೆಳಗೆ ಕಪ್ಪು ಲಾವಾ, ಮೇಲೆ ಕಪ್ಪು ಲಾವಾ. ನಡುವೆ ಆಗತಾನೆ ಹುಟ್ಟಿದ ಹೊಸ ಕಡಲಿನ, ಧೂಳಿನ ಕಣದಷ್ಟು ಸಣ್ಣ ಚಿಪ್ಪುಗಳು.