ಹಳೆ ಕಾರು, ಹೊಸ ಕಂಪ್ಯೂಟರ್

ಪ್ರಶ್ನೆ: ನಮ್ಮದು 2001ರ ಮಾರುತಿ ಜೆನ್. ಅಪ್ಪ ಕೊಂಡದ್ದು. ಜೋರು ಮಳೆ ಬಂದರೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ‘ಇಸಿಎಂ ಹೋಗಿದೆ, ಗುಜರಿಗೆ ಹಾಕಿ’ ಎನ್ನುತ್ತಾರೆ ಮೆಕ್ಯಾನಿಕ್. ಬೇರೆ ದಾರಿಯೇ ಇಲ್ಲವೆ?
— ಓದುಗರು, ನ್ಯೂಟೌನ್, ಭದ್ರಾವತಿ

ಉತ್ತರ: ಅಪ್ಪನ ಕಾರು ಕೈಬಿಟ್ಟುಹೋದೀತೆಂಬ ನಿಮ್ಮ ಆತಂಕ ಸಹಜವೇ. ಆದರೆ ಇಸಿಎಂ (ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ನಿರ್ಧರಿಸುವ ಕಂಪ್ಯೂಟರ್ ಪೆಟ್ಟಿಗೆ) ಪೂರ್ತಿ ಸತ್ತಿದ್ದರೆ ಕಾರು ಬಿಸಿಲಿನಲ್ಲೂ ಓಡುತ್ತಿರಲಿಲ್ಲ. ಮಳೆಗೆ ಮಾತ್ರ ನಿಲ್ಲುತ್ತದೆ ಎಂದರೆ ಮೊದಲು ಸಂಶಯಪಡಬೇಕಾದ್ದು ನೀರನ್ನು.

ನಮ್ಮ ಮಲೆನಾಡಿನ ಥಂಡಿಗೆ ಕನೆಕ್ಟರ್‌ಗಳ ಪಿನ್ನಿನಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಬಾಡಿಗೆ ಬಿಗಿದ ಅರ್ಥ್ ವೈರಿನ ಬುಡದಲ್ಲಿ ತುಕ್ಕು ಕೂರುತ್ತದೆ. ಹಳೆಯ ಪ್ಲಗ್ ವೈರಿನ ಬಿರುಕಿನಿಂದ ಕಿಡಿ ಸೋರುತ್ತದೆ. ಬ್ಯಾಟರಿ ಬಿಚ್ಚಿಸಿ, ಇವನ್ನೆಲ್ಲ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ ನೋಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವೈರಿಂಗ್ ಬಲ್ಲವರನ್ನು ವಿಚಾರಿಸಿ. ಎಂಜಿನ್ ಕೆಲಸ ಚೆನ್ನಾಗಿ ಬಲ್ಲ ಮೆಕ್ಯಾನಿಕ್‌ಗೂ ವೈರಿಂಗ್ ಎಂದರೆ ಬೇಸರ. ಗುಜರಿಯ ಮಾತು ಬೇಗ ಬಾಯಿಗೆ ಬರುವುದು ಅದಕ್ಕೇ.

ಅಷ್ಟಾದರೂ ಸರಿಹೋಗದಿದ್ದರೆ ಪೆಟ್ಟಿಗೆ ಬಿಚ್ಚಿಸಿ. ಒಳಗಿನ ಕೆಪಾಸಿಟರ್ (ವಿದ್ಯುತ್ತನ್ನು ತುಸು ಹಿಡಿದಿಡುವ ಪುಟ್ಟ ಡಬ್ಬಿ) ವಯಸ್ಸಾದಂತೆ ಸೋರುವುದುಂಟು. ಅದನ್ನು ಮಾತ್ರ ಬದಲಿಸಬಹುದು. ಸೆಕೆಂಡ್‌ಹ್ಯಾಂಡ್ ಇಸಿಎಂ ಕೊಳ್ಳಲೇಬೇಕಾದರೆ ಲೇಬಲ್ಲಿನ ನಂಬರ್ ಪೂರ್ತಿ ಹೊಂದಬೇಕು.

ಪ್ರಶ್ನೆ: ನನ್ನ 2000ದ ಎಸ್ಟೀಮ್‌ಗೆ ಹೊಸ ಕಾರಿನ ಇಸಿಎಂ ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆಯೆ? ಈಗಿನ ಸ್ಕ್ಯಾನರ್ ನನ್ನ ಕಾರನ್ನು ಓದುವುದೇ ಇಲ್ಲ.
— ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಹಳೆಯದೆಂದರೆ ದಡ್ಡ ಎಂಬ ಅನುಮಾನ ಬೇಡ. ಆ ಕಾಲದ ಮಾರುತಿಗಳ ‘16×4 ಹೈಪರ್‌ಟೆಕ್’ ಸ್ಟಿಕರ್ ನೆನಪಿದೆಯೆ? 16 ಬಿಟ್ ಕಂಪ್ಯೂಟರ್, ಸಿಲಿಂಡರಿಗೆ 4 ವಾಲ್ವ್ ಎಂದು ಅದರ ಅರ್ಥ. ನಿಮಿಷಕ್ಕೆ 6000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಸೆಕೆಂಡಿಗೆ 200 ಕಿಡಿ ಬೇಕು. ಅಷ್ಟು ಲೆಕ್ಕವನ್ನು ಆ ಪೆಟ್ಟಿಗೆ ಸಲೀಸಾಗಿ ಮಾಡುತ್ತದೆ.

ಈಗಿನ ಕಂಪ್ಯೂಟರ್ ಹೆಚ್ಚು ಚುರುಕು, ನಿಜ. ಆದರೆ ಅದು ಕೇಳುವುದೂ ಹೆಚ್ಚು. ಸೈಲೆನ್ಸರ್ ದಾರಿಯಲ್ಲಿ ಎರಡು ಆಕ್ಸಿಜನ್ ಸೆನ್ಸರ್, ಕೇಬಲ್ ಇಲ್ಲದ ಆಕ್ಸಿಲರೇಟರ್, ಕೀಲಿಯೊಳಗಿನ ಚಿಪ್. ಕೀಲಿಯ ಚಿಪ್ ಸಿಗದಿದ್ದರೆ ಅದು ಎಂಜಿನ್ ಸ್ಟಾರ್ಟ್ ಮಾಡಲೂ ಒಪ್ಪದು. ಎಲ್ಲವನ್ನೂ ಕೂಡಿಸುವ ಖರ್ಚು ಮೈಲೇಜಿನಲ್ಲಿ ಮರಳುವುದಿಲ್ಲ. ಕಂಪನಿಯ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆ ಬೇರೆ ಇದೆ. ಆರ್‌ಸಿ ನವೀಕರಣಕ್ಕೆ ಹೋದಾಗ ತೊಂದರೆಯಾದೀತು.

ಸ್ಕ್ಯಾನರ್ ಓದದಿರುವುದು ದೋಷವಲ್ಲ. ಓಬಿಡಿ (ಕಾರು ತನ್ನ ತೊಂದರೆಯನ್ನು ತಾನೇ ಹೇಳುವ ಏರ್ಪಾಟು) ನಮ್ಮಲ್ಲಿ ಕಡ್ಡಾಯವಾದದ್ದು 2010ರ ನಂತರ, ಬಿಎಸ್-4 ಕಾರುಗಳಿಗೆ. ಆ ಕಾಲದ ಸುಜುಕಿ ಕಂಪ್ಯೂಟರ್‌ಗಳಲ್ಲಿ ಹಲವು ಡ್ಯಾಶ್‌ಬೋರ್ಡಿನ ದೀಪ ಮಿಣುಕಿಸಿಯೇ ತೊಂದರೆ ಹೇಳುತ್ತವೆ. ಒಂದು ಮಿಣುಕು, ಸ್ವಲ್ಪ ಬಿಟ್ಟು ಎರಡು ಮಿಣುಕು: ಅದು 12, ಎಲ್ಲ ಸರಿಯಿದೆ ಎಂದರ್ಥ. ಹಳೆಯ ಮೆಕ್ಯಾನಿಕ್‌ಗಳಿಗೆ ಇದು ಗೊತ್ತಿರುತ್ತದೆ.

ನಿಮ್ಮಿಬ್ಬರಿಗೂ ಒಂದು ಮಾತು. ತುಕ್ಕು ಹಿಡಿದ ತಗಡಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿ ವೈರ್ ಮತ್ತು ಇಸಿಎಂ ಕನೆಕ್ಟರ್ ಎರಡನ್ನೂ ತಪ್ಪದೆ ಬಿಚ್ಚಿಸಿ.